‘48 ಗಂಟೆಯಲ್ಲಿ ಕಲಬುರಗಿಗೆ ಟಾರ್ನೆಡೊ’ ಎಂಬ ಮೆಸೇಜ್: ಆಳಂದ, ಅಫಜಲಪುರ, ಜೇವರ್ಗಿಯ ಬೇಸಿಗೆ ಬಿರುಗಾಳಿಯಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಯುಗಾದಿ ಮುಗಿದು ಅಶ್ವಿನಿ, ಭರಣಿ ಮಳೆಗಳ ಲೆಕ್ಕ ಶುರುವಾಗುತ್ತಿದ್ದಂತೆ ಒಂದು ಜಾತಿಯ ಮೆಸೇಜ್‌ಗಳು ವಾಟ್ಸಾಪ್‌ನಲ್ಲಿ ತಪ್ಪದೆ ಓಡಾಡುತ್ತವೆ. ಕೆಂಪು, ನೇರಳೆ ಬಣ್ಣ ತುಂಬಿದ ಒಂದು ನಕ್ಷೆ. ಅದರ ಕೆಳಗೆ ‘ಎಚ್ಚರ! ಮುಂದಿನ 48 ಗಂಟೆಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಭೀಕರ ಸುಂಟರಗಾಳಿ, ಎಲ್ಲ ಗ್ರೂಪ್‌ಗಳಿಗೂ ಕಳಿಸಿ’ ಎಂಬ ಧಾಟಿಯ ಒಕ್ಕಣೆ. ಕೆಲವೊಮ್ಮೆ ಜೊತೆಗೊಂದು ವಿಡಿಯೊ ಇರುತ್ತದೆ. ಅದರಲ್ಲಿ ಆನೆಯ ಸೊಂಡಿಲಿನಂತೆ ಮೋಡದಿಂದ ಇಳಿದ ಕಪ್ಪು ಕಂಬ, ಗಾಳಿಯಲ್ಲಿ ಹಾರುವ ಛಾವಣಿ.

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ಹತ್ತಿರ ಹೊಲ ಇರುವ ನನ್ನ ಕಾಕಾ ಇಂಥದ್ದೊಂದನ್ನು ಕಳಿಸಿ, ಕೂಡಲೇ ಫೋನ್ ಮಾಡಿದರು. ‘ಯವ್ವಾ, ನೀ ಓದಿದಾಕಿ. ಇದು ಖರೇ ಅದಾ? ಎಮ್ಮಿ ಎಲ್ಲಿ ಕಟ್ಲಿ?’

ಇಂಥ ಪ್ರಶ್ನೆಗೆ ‘ಫೇಕ್ ನ್ಯೂಸ್ ಕಾಕಾ, ಬಿಡ್ರಿ’ ಎಂದು ಹೇಳಿ ಫೋನ್ ಇಡುವುದು ಸುಲಭ. ಆದರೆ ಆ ಉತ್ತರವೂ ಅಪಾಯಕಾರಿ. ಮೆಸೇಜಿನಲ್ಲಿದ್ದ ಟಾರ್ನೆಡೊ ಸುಳ್ಳಾಗಿದ್ದರೂ ಆ ವಾರ ಆಕಾಶದಲ್ಲಿ ಕೂಡುತ್ತಿದ್ದ ಗುಡುಗು ಮೋಡ ಸುಳ್ಳಾಗಿರಲಿಲ್ಲ. ಸುಳ್ಳೆಲ್ಲಿ, ನಿಜವೆಲ್ಲಿ ಎಂಬುದನ್ನು ಬಿಡಿಸಿ ನೋಡೋಣ.

ಒಂದೇ ಹೆಸರು, ಬೇರೆ ಬೇರೆ ಗಾಳಿ

ಗೊಂದಲ ಶುರುವಾಗುವುದೇ ಪದದಿಂದ. ಮಾರ್ಚ್ ತಿಂಗಳ ಮಧ್ಯಾಹ್ನ ಖಾಲಿ ಹೊಲದಲ್ಲಿ ಕಸಕಡ್ಡಿ, ಧೂಳನ್ನು ಸುತ್ತಿಸಿ ಮೇಲಕ್ಕೆತ್ತುವ ಗಾಳಿಗೆ ನಾವು ಸುಂಟರಗಾಳಿ ಎನ್ನುತ್ತೇವೆ. ಹಳ್ಳಿಗಳಲ್ಲಿ ಇದಕ್ಕೆ ದೆವ್ವಗಾಳಿ ಎಂದೂ ಹೇಳುತ್ತಾರೆ. ಅಮೆರಿಕದ ಟಾರ್ನೆಡೊಗೂ ಪತ್ರಿಕೆಗಳು ಸುಂಟರಗಾಳಿ ಎಂದೇ ಬರೆಯುತ್ತವೆ. ಮಳೆಗೆ ಮುಂಚೆ ಬಂದು ತಗಡು ಹಾರಿಸುವ ಬಿರುಗಾಳಿಗೂ ಟಿವಿಯವರು ಒಮ್ಮೊಮ್ಮೆ ಅದೇ ಹೆಸರು ಕೊಡುತ್ತಾರೆ. ಸಾಲದ್ದಕ್ಕೆ ಕೆಲವರು ‘ಚಂಡಮಾರುತ’ವನ್ನೂ ಇದರಲ್ಲಿ ಸೇರಿಸಿಬಿಡುತ್ತಾರೆ.

ದೆವ್ವಗಾಳಿ ನೆಲದಿಂದ ಮೇಲಕ್ಕೆ ಏಳುತ್ತದೆ. ಅದಕ್ಕೆ ಮೋಡವೇ ಬೇಕಿಲ್ಲ, ಕಾದ ನೆಲ ಸಾಕು. ಕೆಲವು ನಿಮಿಷ ಸುತ್ತಿ ಸುಮ್ಮನಾಗುತ್ತದೆ. ಟಾರ್ನೆಡೊ ಇದಕ್ಕೆ ಉಲ್ಟಾ. ದೊಡ್ಡ ಗುಡುಗು ಮೋಡವೊಂದು ಒಳಗೊಳಗೇ ತಿರುಗಲು ಶುರುವಾಗಿ, ಆ ಸುತ್ತು ಬಿಗಿಯಾಗುತ್ತ ಮೋಡದ ತಳದಿಂದ ನೆಲ ಮುಟ್ಟಿದಾಗ ಮಾತ್ರ ಅದು ಟಾರ್ನೆಡೊ. ಚಂಡಮಾರುತ ಸಮುದ್ರದ ಮೇಲೆ ಹುಟ್ಟುವ, ನೂರಾರು ಕಿಲೋಮೀಟರ್ ಅಗಲದ, ದಿನಗಟ್ಟಲೆ ಬದುಕುವ ವ್ಯವಸ್ಥೆ. ಇನ್ನು ಬಿರುಗಾಳಿ ಎಂದರೆ ನಮ್ಮ ಭಾಗದಲ್ಲಿ ಬಹುತೇಕ ಸಲ ಗುಡುಗು ಮೋಡ ಕೆಳಕ್ಕೆ ಉಗುಳುವ ತಂಪು ಗಾಳಿ. ಕಲಬುರಗಿಯ ಬೇಸಿಗೆಯಲ್ಲಿ ಮನೆ ಕೆಡವುವುದು, ಕಂಬ ಉರುಳಿಸುವುದು ಹೆಚ್ಚಾಗಿ ಇದೇ.

ಈ ಮೂರು ತಾಲ್ಲೂಕುಗಳ ಮೇಲೆ ಮೋಡ ಕೂಡುವುದು ಹೇಗೆ?

ಮಾರ್ಚ್ ಹೊತ್ತಿಗೆ ಹಿಂಗಾರಿ ಜೋಳ, ಕಡಲೆ ಕೊಯ್ಲಾಗಿ ಬಹಳಷ್ಟು ಹೊಲಗಳು ಖಾಲಿ. ಕಪ್ಪು ಎರೆಮಣ್ಣು ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಏಪ್ರಿಲ್‌ನಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ನೆಲಕ್ಕೆ ಅಂಟಿದ ಗಾಳಿ ಬಿಸಿಯಾಗಿ ಮೇಲೇಳಲು ಹವಣಿಸುತ್ತದೆ. ಆದರೆ ಬಿಸಿಲೊಂದರಿಂದ ಮಳೆ ಬರುವುದಿಲ್ಲ. ಹಾಗಿದ್ದರೆ ದಿನಾ ಸಂಜೆ ಮಳೆ ಸುರಿಯಬೇಕಿತ್ತು. ತೇವಾಂಶವೂ ಬೇಕು. ಬೇಸಿಗೆಯಲ್ಲಿ ಕೆಲವು ದಿನ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಒಳನಾಡಿಗೆ ನುಗ್ಗುತ್ತದೆ. ಇತ್ತ ವಾಯವ್ಯದಿಂದ ಒಣಗಾಳಿ ಬರುತ್ತಿರುತ್ತದೆ. ಇವೆರಡೂ ಸಂಧಿಸುವ ಗೆರೆಯೊಂದು ವಿದರ್ಭ, ಮರಾಠವಾಡದಿಂದ ಉತ್ತರ ಒಳನಾಡು ಕರ್ನಾಟಕದ ಮೂಲಕ ದಕ್ಷಿಣಕ್ಕೆ ಹಾಯುವುದುಂಟು. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಬರುವ ‘ತಗ್ಗು ಒತ್ತಡದ ಪಟ್ಟಿ’ ಎಂಬ ಮಾತನ್ನು ನಾವು ಓದದೆ ದಾಟಿಸುತ್ತೇವಲ್ಲ, ಅದರಲ್ಲಿರುವುದು ಇದೇ ಸಂಗತಿ.

ಆ ಗೆರೆಯ ಮೇಲೆ ಗಾಳಿ ಒತ್ತಿಕೊಂಡು ಮೇಲೇರುತ್ತದೆ. ಮಧ್ಯಾಹ್ನ ಮೂರರ ನಂತರ ಹೂಕೋಸಿನಂತೆ ಬೆಳೆಯುವ ಮೋಡ ಸಂಜೆಯೊಳಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರ ಮುಟ್ಟಬಲ್ಲದು. ಎಷ್ಟೋ ಸಲ ಮೋಡ ಅಕ್ಕಲಕೋಟೆಯ ಕಡೆ ಹುಟ್ಟಿ ಆಳಂದಕ್ಕೆ ಬರುತ್ತದೆ, ಇಲ್ಲವೇ ಭೀಮೆಯ ಆಚೆ ಮಳೆ ಸುರಿದು ಈಚೆ ದಂಡೆಗೆ ಬರೀ ಧೂಳು ಕಳಿಸುತ್ತದೆ. ಒಂದು ಗುಡುಗು ಮೋಡದ ಅಗಲ ಸಾಮಾನ್ಯವಾಗಿ ಹತ್ತು ಕಿಲೋಮೀಟರಿನ ಆಸುಪಾಸು. ಜೇವರ್ಗಿಯಿಂದ ಅಫಜಲಪುರಕ್ಕೆ ನೇರ ದೂರವೇ ಸುಮಾರು 50 ಕಿಲೋಮೀಟರ್. ಮೂರೂ ತಾಲ್ಲೂಕಿಗೆ ಒಟ್ಟಿಗೆ ಅಪಾಯ ಎಂಬ ಮೆಸೇಜನ್ನು ಓದುವಾಗ ಈ ಅಳತೆ ನೆನಪಿರಲಿ.

ನೇರಳೆ ಬಣ್ಣದ ನಕ್ಷೆ ಬಂದದ್ದೆಲ್ಲಿಂದ?

ಇತ್ತೀಚಿನ ವರ್ಷಗಳಲ್ಲಿ ಹವಾಮಾನ ಆಸಕ್ತರ ದೊಡ್ಡ ಬಳಗವೇ ಹುಟ್ಟಿಕೊಂಡಿದೆ. ಇವರು ವಿಜ್ಞಾನಿಗಳಲ್ಲ. ಆದರೆ ಉಪಗ್ರಹ ಚಿತ್ರ, ರೇಡಾರ್, ವಿಂಡಿಯಂಥ ಆ್ಯಪ್‌ಗಳನ್ನು ಗಂಟೆಗಟ್ಟಲೆ ನೋಡುತ್ತಾರೆ. ‘ತಮಿಳುನಾಡು ವೆದರ್‌ಮ್ಯಾನ್’ ಎಂದೇ ಹೆಸರಾದ ಪ್ರದೀಪ್ ಜಾನ್ ಅವರಂತೆ ಕೆಲವರು ಎಚ್ಚರದಿಂದ, ವಿವರಣೆ ಕೊಟ್ಟು ಬರೆಯುತ್ತಾರೆ. ಇಂಥವರಿಂದ ಜನಕ್ಕೆ ಉಪಕಾರವೇ ಆಗಿದೆ ಎಂಬುದು ನನ್ನ ಅಭಿಪ್ರಾಯ. ತೊಂದರೆ ಶುರುವಾಗುವುದು ಅವರು ಹಾಕಿದ ಚಿತ್ರದ ಸ್ಕ್ರೀನ್‌ಶಾಟ್ ಮೂರನೆಯ ಗ್ರೂಪಿಗೆ ಹೋದಾಗ.

ಆ ನೇರಳೆ ಬಣ್ಣ ಬಹುತೇಕ ಸಲ ‘ಕೇಪ್’ ಎಂಬ ಅಳತೆಯದ್ದು. ಮೇಲೇರಲು ಕಾದಿರುವ ಗಾಳಿಯಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದನ್ನು ಅದು ಹೇಳುತ್ತದೆ. ಅಡುಗೆ ಮನೆಯ ಸಿಲಿಂಡರ್ ತುಂಬಿದೆ ಎಂದ ಮಾತ್ರಕ್ಕೆ ಒಲೆ ಹೊತ್ತಿಕೊಂಡಿದೆ ಎಂದಲ್ಲವಲ್ಲ? ಇದೂ ಹಾಗೆಯೇ. ಎಷ್ಟೋ ದಿನ ಒಂದೆರಡು ಕಿಲೋಮೀಟರ್ ಮೇಲೆ ಬಿಸಿ ಒಣಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುತ್ತದೆ. ಶಕ್ತಿ ಇದ್ದರೂ ಮೋಡ ಒಡೆದು ಮೇಲೇರುವುದಿಲ್ಲ, ಜನ ಸೆಕೆಯಲ್ಲಿ ಬೆವರುತ್ತಾರೆ ಅಷ್ಟೇ. ಮುಚ್ಚಳ ಎಲ್ಲೋ ಒಂದು ಕಡೆ ತೆರೆದುಕೊಂಡಿತೆಂದರೆ ಅಲ್ಲಿ ಮಾತ್ರ ಮೋಡ ಸಿಡಿದಂತೆ ಬೆಳೆಯುತ್ತದೆ. ಆ ಜಾಗ ಮಾದನ ಹಿಪ್ಪರಗಿಯೋ ದೇವಲ ಗಾಣಗಾಪುರವೋ ಎಂದು ಎರಡು ದಿನ ಮೊದಲೇ ಹೇಳುವ ಶಕ್ತಿ ಯಾವ ಕಂಪ್ಯೂಟರ್ ಮಾದರಿಗೂ ಇಲ್ಲ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ದೊಡ್ಡ ಮಾದರಿಗಳು ಭೂಮಿಯನ್ನು ಸುಮಾರು ಹತ್ತು ಕಿಲೋಮೀಟರ್ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಅಂದರೆ ಇಡೀ ಗುಡುಗು ಮೋಡ ಅವುಗಳ ಕಣ್ಣಿಗೆ ಒಂದು ಚುಕ್ಕಿ.

ಅಮೆರಿಕದಲ್ಲಿ ಬೇಸಿಗೆಗೆ ಮುಂಚಿನ ಈ ಕಾಲದಲ್ಲಿ ಬಿರುಗಾಳಿ ಆಸಕ್ತರು ನಾಲ್ಕೈದು ದಿನ ಮೊದಲೇ ಚರ್ಚೆ ಶುರು ಮಾಡುತ್ತಾರೆ. ಅಲ್ಲಿನ ಸರ್ಕಾರಿ ಬಿರುಗಾಳಿ ಮುನ್ಸೂಚನಾ ಕೇಂದ್ರ ಅಪಾಯವನ್ನು ಐದು ಹಂತಗಳಲ್ಲಿ, ಸಂಭವನೀಯತೆಯ ಲೆಕ್ಕದಲ್ಲಿ ಹೇಳುತ್ತದೆ. ಒಂದು ಜಾಗದ ಸುತ್ತ ಸುಮಾರು 40 ಕಿಲೋಮೀಟರ್ ಒಳಗೆ ಟಾರ್ನೆಡೊ ಆಗುವ ಸಾಧ್ಯತೆ ಶೇ 5 ಇದ್ದರೂ ಅಲ್ಲಿ ಅದು ಗಮನಿಸಬೇಕಾದ ದಿನ. ಅಂದರೆ ಆಗದೇ ಇರುವ ಸಾಧ್ಯತೆ ಶೇ 95. ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಟಾರ್ನೆಡೊ ಕಾಣುವ ಆ ದೇಶದಲ್ಲೂ, ನಿರ್ದಿಷ್ಟ ಊರಿಗೆ ‘ಈಗ ಬರುತ್ತಿದೆ, ಒಳಗೆ ಹೋಗಿ’ ಎಂದು ಎಚ್ಚರಿಸಲು ಸಿಗುವ ಸಮಯ ಸರಾಸರಿ ಹತ್ತು ನಿಮಿಷದ ಆಸುಪಾಸು. ಹೀಗಿರುವಾಗ ತಾಲ್ಲೂಕಿನ ಹೆಸರು ಹೇಳಿ 48 ಗಂಟೆ ಮೊದಲೇ ಟಾರ್ನೆಡೊ ಘೋಷಿಸುವ ಮೆಸೇಜ್ ನಿಜವಾಗಲು ಸಾಧ್ಯವೇ ಇಲ್ಲ. ಇಷ್ಟನ್ನು ತಿಳಿಯಲು ಹವಾಮಾನ ವಿಜ್ಞಾನ ಓದಬೇಕಿಲ್ಲ.

ಸಂವಹನ ಓದಿದವಳಾಗಿ ನಾನು ಗಮನಿಸಿದ್ದು ಬೇರೊಂದು ಸಂಗತಿ. ಒಂದು ಮುನ್ಸೂಚನೆ ಫಾರ್ವರ್ಡ್ ಆಗುತ್ತ ಹೋದಂತೆ ಮೊದಲು ಉದುರುವುದು ತಾರೀಕು. ಆಮೇಲೆ ‘ಅಲ್ಲಲ್ಲಿ’, ‘ಒಂದೆರಡು ಕಡೆ’, ‘ಸಾಧ್ಯತೆ’ ಎಂಬ ಪದಗಳು ಹೋಗುತ್ತವೆ. ಕೊನೆಗೆ ಹೇಳಿದವರ ಹೆಸರು. ಉಳಿಯುವುದು ಬಣ್ಣ ಮತ್ತು ಭಯ. ‘ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ, ಗಂಟೆಗೆ 40–50 ಕಿ.ಮೀ. ವೇಗದ ಗಾಳಿ ಸಾಧ್ಯತೆ’ ಎಂಬ ಇಲಾಖೆಯ ಸಾಲು ನಾಲ್ಕನೆಯ ಗ್ರೂಪ್ ಮುಟ್ಟುವಷ್ಟರಲ್ಲಿ ‘ಕಲಬುರಗಿ ಜಿಲ್ಲೆಗೆ ಭೀಕರ ಸುಂಟರಗಾಳಿ’ ಆಗಿರುತ್ತದೆ. ಹೋದ ವರ್ಷದ ಮೆಸೇಜ್ ಈ ವರ್ಷ ಮತ್ತೆ ಹೊರಡುವುದೂ ತಾರೀಕು ಉದುರಿದ್ದರಿಂದಲೇ.

ಹಾಗಾದರೆ ಭಾರತದಲ್ಲಿ ಟಾರ್ನೆಡೊ ಆಗುವುದೇ ಇಲ್ಲವೇ?

ಆಗುತ್ತದೆ. 1978ರ ಮಾರ್ಚ್ 17ರಂದು ದೆಹಲಿಯ ವಿಶ್ವವಿದ್ಯಾಲಯದ ಸುತ್ತಮುತ್ತ ನುಗ್ಗಿದ ಟಾರ್ನೆಡೊಗೆ 28 ಜನ ಬಲಿಯಾದರು. 1998ರ ಮಾರ್ಚ್ 24ರಂದು ಒಡಿಶಾ–ಪಶ್ಚಿಮ ಬಂಗಾಳ ಗಡಿಯ ದಾಂತನ್ ಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2023ರ ಮಾರ್ಚ್‌ನಲ್ಲಿ ಪಂಜಾಬಿನ ಫಾಜಿಲ್ಕಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಮನೆಗಳು, ಕಿನ್ನೋ ತೋಟಗಳು ನೆಲಕಚ್ಚಿದವು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯ್‌ಗುಡಿ ಜಿಲ್ಲೆಯ ಮೈನಾಗುಡಿ ಕಡೆ ಜೀವಹಾನಿಯಾಯಿತು. ನೆರೆಯ ಬಾಂಗ್ಲಾದೇಶದ ದೌಲತ್‌ಪುರ–ಸಟೂರಿಯಾದಲ್ಲಿ 1989ರ ಏಪ್ರಿಲ್ 26ರಂದು ಸುಮಾರು 1,300 ಜನರನ್ನು ಕೊಂದದ್ದು ಜಗತ್ತಿನ ಅತಿ ಭೀಕರ ಟಾರ್ನೆಡೊ ಎಂದು ದಾಖಲಾಗಿದೆ.

ಈ ಊರುಗಳನ್ನು ನಕ್ಷೆಯಲ್ಲಿ ನೋಡಿ. ಎಲ್ಲವೂ ಉತ್ತರ ಮತ್ತು ಪೂರ್ವದಲ್ಲಿವೆ. ಟಾರ್ನೆಡೊಗೆ ಶಕ್ತಿಯ ಜೊತೆಗೆ ಇನ್ನೊಂದು ವಸ್ತು ಬೇಕು: ನೆಲದ ಹತ್ತಿರ ಒಂದು ದಿಕ್ಕಿನ ಗಾಳಿ, ಮೇಲೆ ಬೇರೆ ದಿಕ್ಕಿನ ಜೋರು ಗಾಳಿ. ಎರಡು ಅಂಗೈ ನಡುವೆ ಬತ್ತಿ ಹೊಸೆದಂತೆ ಈ ವ್ಯತ್ಯಾಸ ಮೋಡವನ್ನು ತಿರುಗಿಸುತ್ತದೆ. ಬಂಗಾಳದ ಬಯಲಿನಲ್ಲಿ ಕೆಳಗೆ ಕೊಲ್ಲಿಯ ಹಸಿ ಗಾಳಿ, ಮೇಲೆ ಪಶ್ಚಿಮದಿಂದ ಧಾವಿಸುವ ಗಾಳಿ, ಎರಡೂ ವಸಂತದಲ್ಲಿ ಒಟ್ಟಿಗೆ ಸಿಗುತ್ತವೆ. ನಮ್ಮ ಕಡೆ ಏಪ್ರಿಲ್ ಹೊತ್ತಿಗೆ ಮೇಲಿನ ಆ ವೇಗದ ಗಾಳಿಯ ಪಟ್ಟೆ ಬಹುತೇಕ ಉತ್ತರಕ್ಕೆ ಸರಿದಿರುತ್ತದೆ. ಜೊತೆಗೆ ನಮ್ಮ ಬೇಸಿಗೆ ಮೋಡದ ತಳ ನೆಲದಿಂದ ಬಹಳ ಎತ್ತರ, ಕೆಳಗೆ ಒಣಗಾಳಿ. ಸುತ್ತು ನೆಲ ಮುಟ್ಟಲು ಇದು ಅನುಕೂಲದ ಸ್ಥಿತಿಯಲ್ಲ. ಅಸಾಧ್ಯ ಎಂದು ನಾನು ಹೇಳುವುದಿಲ್ಲ, ಬಹಳ ಅಪರೂಪ ಎನ್ನುತ್ತೇನೆ. ಚಿಕ್ಕದೊಂದು ಆಗಿಹೋದರೂ ಅದು ಕಣ್ಣಿಗೆ ಬೀಳುವುದು ಕಷ್ಟ. ಹೈದರಾಬಾದ್‌ನ ರೇಡಾರಿನಿಂದ ಜೇವರ್ಗಿ ಸುಮಾರು 185 ಕಿಲೋಮೀಟರ್ ದೂರ. ಭೂಮಿ ಗುಂಡಗಿರುವುದರಿಂದ ಅಷ್ಟು ದೂರ ಬರುವಷ್ಟರಲ್ಲಿ ರೇಡಾರಿನ ಕಿರಣ ನೆಲದಿಂದ ಮೂರು ಕಿಲೋಮೀಟರಿಗೂ ಮೇಲೆ ಹೋಗಿರುತ್ತದೆ. ಅದರ ಕೆಳಗೆ ನಡೆದದ್ದು ಅದಕ್ಕೆ ಕಾಣದು.

ತಗಡು ಹಾರಿಸಿದ್ದು ಯಾರು?

‘ಟಾರ್ನೆಡೊ ಅಲ್ಲದಿದ್ದರೆ ಆ ದಿನ ನಮ್ಮೂರಿನ ಶೆಡ್ ಹಾರಿದ್ದು ಹೇಗೆ?’ ಇದು ಕಾಕಾ ಕೇಳಿದ ಎರಡನೆಯ ಪ್ರಶ್ನೆ, ನ್ಯಾಯವಾದದ್ದು.

ಎತ್ತರದ ಮೋಡದಿಂದ ಬೀಳುವ ಮಳೆ ಹನಿ ಕೆಳಗಿನ ಒಣಗಾಳಿಯಲ್ಲಿ ದಾರಿಯಲ್ಲೇ ಆವಿಯಾಗುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವ ರೀತಿಯಲ್ಲೇ ಆ ಗಾಳಿ ತಂಪಾಗಿ, ಭಾರವಾಗಿ, ಧೊಪ್ಪೆಂದು ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಡಿದು, ಬಕೆಟ್ ನೀರು ಅಂಗಳದಲ್ಲಿ ಚೆಲ್ಲಿದಂತೆ ಸುತ್ತಲೂ ನುಗ್ಗುತ್ತದೆ. ಮಳೆಗೆ ಮುಂಚೆ ಧೂಳಿನ ಗೋಡೆಯೊಂದು ಬರುತ್ತದಲ್ಲ, ಅದರ ಹಿಂದೆ ಇರುವುದು ಇದೇ ಗಾಳಿ. ಇದರ ಜೋರಾದ ರೂಪ ಸಣ್ಣ ಟಾರ್ನೆಡೊದಷ್ಟೇ ಹಾನಿ ಮಾಡಬಲ್ಲದು.

ಇದನ್ನು ಕಂಡುಹಿಡಿದವರು ಟೆಟ್ಸುಯಾ ಫುಜಿತಾ. ಟಾರ್ನೆಡೊದ ತೀವ್ರತೆ ಅಳೆಯುವ ಮಾಪಕಕ್ಕೆ ಇವರದೇ ಹೆಸರಿದೆ. 1945ರಲ್ಲಿ ಅಣುಬಾಂಬ್ ಬಿದ್ದ ನಂತರದ ನಾಗಾಸಾಕಿಯಲ್ಲಿ ಮರಗಳು ನಕ್ಷತ್ರದ ಆಕಾರದಲ್ಲಿ ಹೊರಮುಖವಾಗಿ ಬಿದ್ದಿದ್ದನ್ನು ಅವರು ನೋಡಿದ್ದರು. ದಶಕಗಳ ನಂತರ ಅಮೆರಿಕದಲ್ಲಿ ಬಿರುಗಾಳಿಗೆ ಸಿಕ್ಕ ಕಾಡಿನ ಮೇಲೆ ವಿಮಾನದಲ್ಲಿ ಹಾರುವಾಗ ಅದೇ ವಿನ್ಯಾಸ ಕಂಡಿತು. 1975ರ ಜೂನ್ 24ರಂದು ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಅಪ್ಪಳಿಸಿದ್ದಕ್ಕೆ ಇಂಥ ಗಾಳಿಯೇ ಕಾರಣ ಎಂದು ಅವರು ತೋರಿಸಿಕೊಟ್ಟರು.

ಅವರ ವಿಧಾನ ನಮ್ಮ ಹೊಲದಲ್ಲೂ ನಡೆಯುತ್ತದೆ. ಬಿರುಗಾಳಿಯ ಮರುದಿನ ಬಿದ್ದ ಕಂಬ, ಬೇವಿನ ಮರ, ಬಾಳೆ, ಕಬ್ಬನ್ನು ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಅಥವಾ ಬೀಸಣಿಗೆಯಂತೆ ಹರಡಿ ಬಿದ್ದಿದ್ದರೆ ಅದು ಮೇಲಿಂದ ಬಿದ್ದ ಗಾಳಿ. ಕಿರಿದಾದ ಪಟ್ಟೆಯಲ್ಲಿ, ತಿರುಚಿಕೊಂಡು, ಒಂದರ ಮೇಲೊಂದು ಎದುರು ದಿಕ್ಕಿಗೆ ಬಿದ್ದಿದ್ದರೆ ಮಾತ್ರ ಸುತ್ತುಗಾಳಿಯ ಅನುಮಾನ ಪಡಬಹುದು. ನಮ್ಮೂರಿನ ಶೆಡ್ಡಿನ ತಗಡು, ಎರಡು ವಿದ್ಯುತ್ ಕಂಬ, ಕಬ್ಬು ಎಲ್ಲವೂ ಪೂರ್ವಕ್ಕೇ ಮಲಗಿದ್ದವು ಎಂದು ಕಾಕಾ ನೆನಪಿಸಿಕೊಂಡರು. ಅಂದಹಾಗೆ ತಗಡು ಹಾರದಿರಲಿ ಎಂದು ಅದರ ಮೇಲೆ ಕಲ್ಲು ಹೇರುವ ರೂಢಿ ನಮ್ಮ ಕಡೆ ಇದೆ. ಗಾಳಿ ತಗಡನ್ನು ಎತ್ತಿದಾಗ ಕಲ್ಲು ಒಳಗೆ ಮಲಗಿದವರ ಮೇಲೆ ಬೀಳುತ್ತದೆ. ಕಲ್ಲಿನ ಬದಲು ತಗಡನ್ನು ಕೆಳಗಿನ ತೊಲೆಗೆ ಕೊಕ್ಕೆ, ತಂತಿಯಿಂದ ಬಿಗಿಯುವುದು ಒಳ್ಳೆಯದು.

ಆಣೆಕಲ್ಲಿನ ಲೆಕ್ಕ

2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಸುರಿದ ಆಣೆಕಲ್ಲು ಮಳೆಯನ್ನು ಈ ಭಾಗದ ರೈತರು ಮರೆತಿಲ್ಲ. ದ್ರಾಕ್ಷಿ, ಜೋಳ, ಗೋಧಿ ಮಣ್ಣುಪಾಲಾದವು. 2023ರ ಮಾರ್ಚ್‌ನಲ್ಲಿ ಬೀದರ್ ಮತ್ತು ತೆಲಂಗಾಣದ ವಿಕಾರಾಬಾದ್ ಕಡೆ ಹೊಲ, ರಸ್ತೆ ಬಿಳಿಯಾದ ವಿಡಿಯೊಗಳಿಗೆ ‘ಇದು ಕಾಶ್ಮೀರ ಅಲ್ಲ’ ಎಂಬ ಶೀರ್ಷಿಕೆ ಅಂಟಿತು. ಅದು ಹಿಮವಲ್ಲ, ಆಣೆಕಲ್ಲು. ಮೋಡದೊಳಗಿನ ಏರುಗಾಳಿ ನೀರಹನಿಯನ್ನು ಹೆಪ್ಪುಗಟ್ಟುವ ಎತ್ತರಕ್ಕೆ ಒಯ್ದು, ಪದರ ಪದರವಾಗಿ ಬೆಳೆಸಿ, ಹೊರಲಾರದಾದಾಗ ಕೆಳಕ್ಕೆ ಬಿಡುತ್ತದೆ.

ಇಲ್ಲೊಂದು ಉಪಯೋಗದ ಮಾತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನೋಂದಾಯಿಸಿದ ಬೆಳೆಗೆ ಆಣೆಕಲ್ಲಿನಿಂದ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆಗೂ ಕೊಯ್ಲಿನ ನಂತರ 14 ದಿನದವರೆಗೆ ಅಕಾಲಿಕ ಮಳೆ, ಆಣೆಕಲ್ಲಿನ ರಕ್ಷಣೆ ಇದೆ. ಸುಳ್ಳು ಟಾರ್ನೆಡೊ ಮೆಸೇಜ್ ಹತ್ತು ಗ್ರೂಪ್ ಸುತ್ತುತ್ತದೆ, ಈ 72 ಗಂಟೆಯ ಮಾತನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ನಿಜವಾಗಿ ಕೊಲ್ಲುವುದು ಸಿಡಿಲು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ದೇಶದಲ್ಲಿ ಸಿಡಿಲಿಗೆ 2021ರಲ್ಲಿ 2,880 ಮತ್ತು 2022ರಲ್ಲಿ 2,887 ಜನ ಸತ್ತಿದ್ದಾರೆ. ಪ್ರಕೃತಿ ವಿಕೋಪದ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇದೊಂದರಿಂದಲೇ. ಸಾಯುವವರು ಹೆಚ್ಚಾಗಿ ಹೊಲದಲ್ಲಿ ಕೆಲಸ ಮಾಡುವವರು, ಕುರಿ ದನ ಕಾಯುವವರು.

ಎರೆಹೊಲದ ಬಯಲಿನಲ್ಲಿ ಮಳೆ ಬಂದರೆ ಓಡಿ ನಿಲ್ಲಲು ಇರುವುದು ಒಂದೋ ಎರಡೋ ಬೇವು, ಜಾಲಿ ಮರ. ಸುತ್ತ ಎತ್ತರದ್ದು ಬೇರೇನೂ ಇಲ್ಲದಿದ್ದರಿಂದ ಸಿಡಿಲು ಹುಡುಕುವುದೂ ಅದನ್ನೇ. ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ದನಗಳ ಮುಂಗಾಲು, ಹಿಂಗಾಲಿನ ನಡುವೆ ಅಂತರ ಹೆಚ್ಚು, ಹಾಗಾಗಿ ಅವುಗಳ ದೇಹದ ಮೂಲಕ ವಿದ್ಯುತ್ತು ಹಾಯುವುದೂ ಹೆಚ್ಚು. ಮರದಡಿ ಕಟ್ಟಿದ ದನ ಸಾಲಾಗಿ ಸಾಯುವುದು ಇದರಿಂದಲೇ. ಗೋಡೆ ಇಲ್ಲದ ತಗಡಿನ ಚಪ್ಪರವೂ ರಕ್ಷಣೆಯಲ್ಲ. ಪಕ್ಕಾ ಮನೆ, ಇಲ್ಲದಿದ್ದರೆ ಕಿಟಕಿ ಮುಚ್ಚಿದ ಕಾರು, ಜೀಪು, ಬಸ್ಸು ಸುರಕ್ಷಿತ. ತೆರೆದ ಟ್ರ್ಯಾಕ್ಟರ್ ಅಲ್ಲ.

ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬ ಫಾರ್ವರ್ಡ್ ಕೂಡ ಪ್ರತಿ ವರ್ಷ ಬರುತ್ತದೆ. ಸೆಳೆಯುವುದಿಲ್ಲ. ಅಪಾಯ ಇರುವುದು ಬಯಲಲ್ಲಿ ನಿಂತು ಮಾತಾಡುವುದರಲ್ಲಿ, ಮತ್ತು ಚಾರ್ಜಿಗೆ ಹಾಕಿದ ಫೋನ್ ಹಿಡಿಯುವುದರಲ್ಲಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದೂ ಸುಳ್ಳು. ದೇಶದ ಕೆಲವೆಡೆ ಅವರನ್ನು ಸಗಣಿ ಗುಂಡಿಯಲ್ಲಿ ಹೂಳುತ್ತಾರೆ. ಹೃದಯ ನಿಂತವರಿಗೆ ಬೇಕಾದ ಮೊದಲ ನಿಮಿಷಗಳು ಇದರಲ್ಲಿ ಕಳೆದುಹೋಗುತ್ತವೆ. ಉಸಿರಾಟ ನಿಂತಿದ್ದರೆ ಎದೆಯ ಮಧ್ಯ ಜೋರಾಗಿ, ಬಿಡದೆ ಒತ್ತಬೇಕು, 108ಕ್ಕೆ ಕರೆ ಮಾಡಬೇಕು.

ಫಾರ್ವರ್ಡ್ ಒತ್ತುವ ಮುನ್ನ

ಮೊದಲು ತಾರೀಕು ಹುಡುಕಿ. ನಂತರ ಭಾರತೀಯ ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ ಅಥವಾ ತಾಣದಲ್ಲಿ ಜಿಲ್ಲೆಯ ಎಚ್ಚರಿಕೆ ನೋಡಿ. ಗುಡುಗು ಮಳೆಯ ಬಗ್ಗೆ ಅವರು ಮೂರು ಗಂಟೆಯ ತಕ್ಷಣದ ಮುನ್ಸೂಚನೆಯನ್ನೂ ಕೊಡುತ್ತಾರೆ. ಗುಡುಗಿನ ವಿಷಯದಲ್ಲಿ ಹೆಚ್ಚು ನಂಬಬೇಕಾದದ್ದು ಅದನ್ನೇ. ಹಳದಿ ಎಂದರೆ ಗಮನ ಇರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಹಳದಿಯನ್ನು ‘ರೆಡ್ ಅಲರ್ಟ್’ ಮಾಡಿ ಕಳಿಸಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಬಿದ್ದ ಸಿಡಿಲನ್ನು ತೋರಿಸುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ 92433 45433ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಕೇಳಬಹುದು. ಕಾಕಾನಂಥವರಿಗೆ ಆ್ಯಪ್‌ಗಿಂತ ಇದೇ ಹತ್ತಿರ. ವಿಡಿಯೊ ಇದ್ದರೆ ರಸ್ತೆಯಲ್ಲಿ ವಾಹನ ಯಾವ ಬದಿಗೆ ಓಡುತ್ತಿದೆ ನೋಡಿ. ‘ಜೇವರ್ಗಿ ಹತ್ತಿರ’ ಎಂದು ಬಂದ ವಿಡಿಯೊದಲ್ಲಿ ಎಲ್ಲರೂ ಬಲಬದಿಗೆ ಗಾಡಿ ಓಡಿಸುತ್ತಿದ್ದರೆ ಅದು ಯಾವ ಜೇವರ್ಗಿ?

ನೆಟ್‌ವರ್ಕ್ ಇಲ್ಲದಾಗ ಎಣಿಕೆ ಸಾಕು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. ಎಣಿಕೆ 30ಕ್ಕಿಂತ ಕಡಿಮೆ ಬಂದರೆ ಹೊಲ ಬಿಟ್ಟು ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು. ಮಳೆ ಬೀಳದ ಜಾಗಕ್ಕೂ ಹತ್ತು ಕಿಲೋಮೀಟರ್ ಆಚೆಯ ಮೋಡದಿಂದ ಸಿಡಿಲು ಬರಬಲ್ಲದು.

ಟಾರ್ನೆಡೊ ಮೆಸೇಜ್ ಬಂದ ಮೂರನೆಯ ದಿನ ಸಂಜೆ ಕಾಕಾ ಮತ್ತೆ ಫೋನ್ ಮಾಡಿದರು. ಆಳಂದದ ಕಡೆ ಕಪ್ಪಗಾಗಿತ್ತಂತೆ. ‘ಇಪ್ಪತ್ತು ಎಣಿಸಿದ್ಯಾ, ಗುಡುಗಿತು. ಬೇವಿನ ಗಿಡದ ಕೆಳಗಿನ ಎಮ್ಮಿ ಬಿಚ್ಚಿ ಮನಿ ಹಿಂದ ಗ್ವಾಡಿ ಇರೋ ಕೊಟ್ಟಿಗ್ಯಾಗ ಕಟ್ಟೀನಿ. ನಿಮ್ಮ ಕಾಕು ಜ್ವಾಳದ ಮ್ಯಾಲ ತಾಡಪತ್ರಿ ಹಾಕ್ಯಾಳ.’ ಮಳೆ ಬಂತೇ ಎಂದು ಕೇಳಿದೆ. ‘ನಾಕು ಹನಿ ಬಿತ್ತು ನೋಡವ್ವ, ಬರೇ ಧೂಳ.’